ಎರವಲು ತಂದ ಒಡವೆ

ಕಳೆದ ರಾಜ್ಯೋತ್ಸವದ ಸಂದರ್ಭದಲ್ಲಿ ನಮ್ಮ ಸಂಘದವರು ಮಕ್ಕಳಿಗಾಗಿ ಒಂದು ಪ್ರಬಂಧ ಸ್ಪರ್ಧೆಯನ್ನು ಏರ್ಪಡಿಸಿದ್ದರು. 'ನಾನು ಮೆಚ್ಚಿದ ಕನ್ನಡದ ಮಾತು' ಎಂಬುದು ವಿಷಯ. ಬಂದಿದ್ದ ಹದಿನಾರು ಪ್ರಬಂಧಗಳನ್ನು ಓದಿ ಅಂಕ ಹಾಕುವ ಕೆಲಸ, ಬಿ.ಎ. ತರಗತಿಯಲ್ಲಿ ಕನ್ನಡ ಓದಿದವನೆಂಬ ಒಂದೇ ಕಾರಣಕ್ಕೆ, ನನ್ನ ಪಾಲಿಗೆ ಬಂತು. ಕಚೇರಿಯಿಂದ ಬಂದು ಊಟ ಮುಗಿಸಿ ಕುಳಿತರೆ ಒಂದೇ ರಾತ್ರಿಯಲ್ಲಿ ಮುಗಿದೀತೆಂದು ಎಣಿಸಿದ್ದೆ. ಮೂರು ರಾತ್ರಿ ಹಿಡಿಯಿತು.

ತಡವಾದದ್ದು ಮಕ್ಕಳ ಅಕ್ಷರದಿಂದಲ್ಲ, ಅವರು ಎತ್ತಿ ಬರೆದಿದ್ದ ಕವಿಗಳ ಸಾಲುಗಳಿಂದ. ಒಂದೇ ವಚನ ಮೂರು ಪ್ರಬಂಧಗಳಲ್ಲಿ ಬಂದಿತ್ತು. ಒಬ್ಬ ಹುಡುಗ ಅದನ್ನು ಬಸವಣ್ಣನವರದೆಂದು ಬರೆದಿದ್ದ. ಒಬ್ಬ ಹುಡುಗಿ ಅಕ್ಕಮಹಾದೇವಿಯದೆಂದು ಬರೆದಿದ್ದಳು. ಇನ್ನೊಬ್ಬ ಧೈರ್ಯವಾಗಿ ಸರ್ವಜ್ಞನ ಹೆಸರು ಹಾಕಿದ್ದ. ಮೂವರೂ ಕೊನೆಯಲ್ಲಿರುವ ಅಂಕಿತವನ್ನು ಬಿಟ್ಟಿದ್ದರು. ಅದೊಂದನ್ನು ಬರೆದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. 'ಕೂಡಲಸಂಗಮದೇವ' ಎಂದಿದ್ದರೆ ಬಸವಣ್ಣ, 'ಚೆನ್ನಮಲ್ಲಿಕಾರ್ಜುನ' ಎಂದಿದ್ದರೆ ಅಕ್ಕ, 'ಗುಹೇಶ್ವರ' ಎಂದಿದ್ದರೆ ಅಲ್ಲಮ. ವಚನಕಾರರು ತಮ್ಮ ರುಜುವನ್ನು ಮಾತಿನ ಒಳಗೇ ಇಟ್ಟು ಹೋಗಿದ್ದಾರೆ. ನಾವು ಆ ರುಜುವನ್ನು ಕತ್ತರಿಸಿ ಹಾಕಿ, ಆಮೇಲೆ ಇದು ಯಾರದು ಎಂದು ಹುಡುಕುತ್ತೇವೆ.

ಮಕ್ಕಳನ್ನು ಬೈಯಲು ಈ ಲೇಖನ ಬರೆಯುತ್ತಿಲ್ಲ. ಅವರ ಪಾಡನ್ನು ನಾವು ಬಲ್ಲೆವು. ಕೊಯಾಲಿಯಲ್ಲಿ ೧೯೬೫ರಲ್ಲಿ ತೈಲ ಶುದ್ಧೀಕರಣಾಗಾರ ಕೆಲಸ ಆರಂಭಿಸಿತು. ಅಂಥ ಕಾರ್ಖಾನೆಗಳನ್ನೂ ಸರಕಾರಿ ಕಚೇರಿಗಳನ್ನೂ ನಂಬಿ ಊರು ಬಿಟ್ಟು ಬಂದ ಮನೆಗಳು ನಮ್ಮವು. ಮಕ್ಕಳಿಗೆ ಶಾಲೆಯಲ್ಲಿ ಗುಜರಾತಿ, ಹಿಂದಿ, ಇಂಗ್ಲಿಷು. ಕನ್ನಡವೆಂದರೆ ಮನೆಯ ಮಾತು ಮತ್ತು ಭಾನುವಾರದ ಒಂದು ಗಂಟೆಯ ತರಗತಿ. ಮನೆಯಲ್ಲಿ ಕನ್ನಡ ಪುಸ್ತಕಗಳು ಒಂದು ಮೊಳ ಉದ್ದಕ್ಕಿದ್ದರೆ ಹೆಚ್ಚು. ಬೆಳಗಾಗೆದ್ದರೆ ಮೊಬೈಲಿನಲ್ಲಿ ಹೂವಿನ ಚಿತ್ರದ ಮೇಲೊಂದು ಸುಭಾಷಿತ, ಕೆಳಗೊಬ್ಬ ಕವಿಯ ಭಾವಚಿತ್ರ ಬರುತ್ತವೆ. ಆ ಮಾತಿಗೂ ಆ ಮುಖಕ್ಕೂ ಸಂಬಂಧವುಂಟೋ ಇಲ್ಲವೋ, ಕೇಳುವವರಾರು? ದೊಡ್ಡವರಾದ ನಾವೇ ಅದನ್ನು ಹಾಗೆಯೇ ಮುಂದಕ್ಕೆ ಕಳಿಸುತ್ತೇವೆ. ಮಕ್ಕಳು ನಮ್ಮನ್ನು ನೋಡಿ ಕಲಿಯುತ್ತಾರೆ.

ಆದರೆ ಇದು ಅಂಕದ ಮಾತು ಮಾತ್ರವಲ್ಲವೆಂದು ನನಗೆ ಹೊಳೆದದ್ದು ಕಚೇರಿಯ ಒಂದು ಹಳೆಯ ಪ್ರಸಂಗ ನೆನಪಾದಾಗ.

ನಾನು ಕೆಲಸಕ್ಕೆ ಸೇರಿದ ಹೊಸತು. ನಿವೃತ್ತರಾಗಿ ತೀರಿಕೊಂಡಿದ್ದ ಒಬ್ಬ ಜವಾನರ ಹೆಂಡತಿ, ಬರಬೇಕಾದ ಬಾಕಿ ಹಣಕ್ಕಾಗಿ ಅರ್ಜಿ ಹಾಕಿದ್ದರು. ಕಡತದಲ್ಲಿ ಟಿಪ್ಪಣಿ ಬರೆಯುವುದು ನನ್ನ ಕೆಲಸ. ಸುತ್ತೋಲೆಯನ್ನು ತೆರೆದೆ. ಅವಧಿ ಮೀರಿ ಬಂದ ಅರ್ಜಿಗಳನ್ನು ತೆಗೆದುಕೊಳ್ಳತಕ್ಕದ್ದಲ್ಲ ಎಂದು ಅದರಲ್ಲಿತ್ತು. ಆ ವಾಕ್ಯವನ್ನು ಅಕ್ಷರ ತಪ್ಪದೆ ಎತ್ತಿ ಬರೆದು, ಸಂಖ್ಯೆ ದಿನಾಂಕ ಹಾಕಿ, ಕಡತವನ್ನು ಮೇಲಕ್ಕೆ ಕಳಿಸಿದೆ. ಅರ್ಜಿ ತಿರಸ್ಕೃತವಾಯಿತು. ಆಕೆ ಹಳ್ಳಿಯಿಂದ ಬಸ್ಸಿನಲ್ಲಿ ಮೂರು ಸಲ ಬಂದರು. ಮೂರನೆಯ ಸಲ ನಮ್ಮ ಹಿರಿಯ ಗುಮಾಸ್ತರು, ಗುಜರಾತಿನವರೇ, ಸುತ್ತೋಲೆಯನ್ನು ತರಿಸಿ ನನ್ನ ಮುಂದಿಟ್ಟರು. ನಾನು ಎತ್ತಿ ಬರೆದಿದ್ದ ವಾಕ್ಯದ ಮುಂದಿನ ವಾಕ್ಯ 'ಆದರೆ' ಎಂದು ಶುರುವಾಗುತ್ತಿತ್ತು. ತಕ್ಕ ಕಾರಣ ಕಂಡುಬಂದರೆ ತಡವನ್ನು ಮನ್ನಿಸಬಹುದು ಎಂದು ಅದರ ತಾತ್ಪರ್ಯ. ಗಂಡನ ಕಾಯಿಲೆಯ ಕಾಗದಗಳೆಲ್ಲ ಅದೇ ಕಡತದಲ್ಲಿದ್ದವು.

ಆ ಹಿರಿಯರು ರೇಗಲಿಲ್ಲ. "ಭಾಯಿ, ನೀನು ಬರೆದುದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಅದಕ್ಕೇ ಮೇಲಿನವರು ನಂಬಿದರು" ಎಂದು ತಮ್ಮ ಭಾಷೆಯಲ್ಲಿ ಹೇಳಿ, 'ಆದರೆ' ಎಂಬ ಆ ಪದದ ಮೇಲೆ ಬೆರಳಿಟ್ಟರು. ಆಕೆಗೆ ಕೊನೆಗೆ ಹಣ ದೊರೆಯಿತೆಂಬುದು ಸಮಾಧಾನ. ಆದರೂ ಆ ಮೂರು ಬಸ್ಸಿನ ಪ್ರಯಾಣಗಳು ನನ್ನ ಲೆಕ್ಕಕ್ಕೆ ಸೇರಿದವು. ಎತ್ತಿಕೊಂಡ ಮಾತು ಎರವಲು ತಂದ ಒಡವೆ ಇದ್ದಂತೆ. ಯಾರ ಮನೆಯದೆಂದು ನೆನಪಿರಬೇಕು, ಮುರಿಯದೆ ಇಡಬೇಕು, ಏಕೆ ತಂದೆವೆಂಬುದೂ ಗೊತ್ತಿರಬೇಕು. ಸಾಹಿತ್ಯದ ಪ್ರಬಂಧಕ್ಕೂ ಇದೇ ನ್ಯಾಯವೆಂದು ನನ್ನ ನಂಬಿಕೆ.

ಮೊದಲನೆಯ ಪ್ರಶ್ನೆ: ಈ ಮಾತು ಯಾರದು? ಕವಿಯ ಹೆಸರು ಬರೆದರೆ ಉತ್ತರ ಮುಗಿಯಿತೆಂದು ತಿಳಿಯಬಾರದು. ಕಾವ್ಯದಲ್ಲಿ, ನಾಟಕದಲ್ಲಿ ಮಾತಾಡುವವರು ಪಾತ್ರಗಳು. ಶಕುನಿಯ ಬಾಯಿಂದ ಬಂದ ಮಾತನ್ನು ಎತ್ತಿ, ಕುಮಾರವ್ಯಾಸನ ಅಭಿಪ್ರಾಯವಿದು ಎಂದು ಬರೆದರೆ ಆ ಕವಿ ನಮ್ಮನ್ನು ಕ್ಷಮಿಸಿಯಾನೆ?

ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ರನ್ನನ 'ಗದಾಯುದ್ಧ' ನಮ್ಮಲ್ಲಿ ಹಲವರಿಗೆ ಕಾಲೇಜಿನಲ್ಲಿ ಪಠ್ಯವಾಗಿತ್ತು. ಯುದ್ಧವೆಲ್ಲ ಮುಗಿಯುತ್ತ ಬಂದಿದೆ. ದುರ್ಯೋಧನ ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆದು ಭೀಷ್ಮರನ್ನು ಕಾಣಲು ಹೊರಟಿದ್ದಾನೆ. ದಾರಿಯಲ್ಲಿ ಅಭಿಮನ್ಯುವಿನ ಹೆಣ ಕಾಣುತ್ತದೆ. ಅವನು ನಿಂತು, ಕೈಮುಗಿದು, ಆ ಹುಡುಗನ ಶೌರ್ಯವನ್ನು ಹೊಗಳಿ, ಅಂಥ ಪರಾಕ್ರಮದ ಒಂದು ಪಾಲಿನಷ್ಟಾದರೂ ಕೂಡಿದ ಸಾವು ತನಗೂ ಬರಲೆಂದು ಬೇಡಿಕೊಳ್ಳುತ್ತಾನೆ.

ಈ ಪದ್ಯವನ್ನು ಎತ್ತಿ ಬರೆದು 'ರನ್ನನು ಅಭಿಮನ್ಯುವಿನ ಶೌರ್ಯವನ್ನು ಹೀಗೆ ವರ್ಣಿಸಿದ್ದಾನೆ' ಎಂದು ಮುಗಿಸಿದರೆ ಏನು ಉಳಿಯಿತು? ಏನೂ ಉಳಿಯಲಿಲ್ಲ. ಹೊಗಳುತ್ತಿರುವವನು ಯಾರು? ಆ ಹುಡುಗನನ್ನು ಚಕ್ರವ್ಯೂಹದಲ್ಲಿ ಒಂಟಿಯಾಗಿ ಸಿಕ್ಕಿಸಿ ಹಲವರು ಸೇರಿ ಕೊಂದ ಪಕ್ಷದ ಅರಸು. ಇನ್ನೂ ಒಂದು ಮಾತುಂಟು. ದುರ್ಯೋಧನನ ಮಗ ಲಕ್ಷಣಕುಮಾರನನ್ನು ಕೊಂದವನು ಇದೇ ಅಭಿಮನ್ಯು. ತನ್ನ ಮಗನನ್ನು ಕೊಂದವನ ಮುಂದೆ ಒಬ್ಬ ತಂದೆ ಕೈಮುಗಿದು ನಿಂತಿದ್ದಾನೆ. ಇಷ್ಟನ್ನು ತಿಳಿಸಿದೊಡನೆ ಅದೇ ಪದ್ಯ ಬೇರೆಯಾಗಿ ಕೇಳಿಸುವುದಿಲ್ಲವೆ?

ಅಲ್ಲಿಗೂ ನಿಲ್ಲಬೇಕಾಗಿಲ್ಲ. ಪದ್ಯದಲ್ಲಿ ಭಾರ ಹೊತ್ತಿರುವ ಪದ ಯಾವುದೆಂದು ಹುಡುಕಬೇಕು. ಇಲ್ಲಿ ಅದು 'ಶೌರ್ಯ'ವಲ್ಲ. 'ಒಂದು ಪಾಲು' ಎಂಬ ಅರ್ಥ ಕೊಡುವ ಸಣ್ಣ ಮಾತು. ಪಾಂಡವರಿಗೆ ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದಿದ್ದವನು, ಯಾರ ಪಾಲನ್ನೂ ಒಪ್ಪದಿದ್ದವನು, ಈಗ ಇಡಿಯಾದದ್ದನ್ನು ಕೇಳುವ ಎದೆ ಇಲ್ಲದೆ ಒಂದು ಪಾಲನ್ನು ಮಾತ್ರ ಬೇಡುತ್ತಿದ್ದಾನೆ, ಅದೂ ಸಾವಿನಲ್ಲಿ. ಛಲದ ಮನುಷ್ಯ ಒಂದು ಗಳಿಗೆ ತಲೆಬಾಗಿದ್ದು ಆ ಒಂದು ಪದದಿಂದ ನಮಗೆ ತಿಳಿಯುತ್ತದೆ. ಇನ್ನು ಕವಿಯ ಸ್ಥಿತಿಯನ್ನು ನೋಡಿ. ರನ್ನನಿಗೆ ಆಶ್ರಯ ಕೊಟ್ಟವನು ಚಾಲುಕ್ಯ ಸತ್ಯಾಶ್ರಯ. ಕಾವ್ಯಕ್ಕೆ 'ಸಾಹಸಭೀಮ ವಿಜಯ'ವೆಂಬ ಇನ್ನೊಂದು ಹೆಸರುಂಟು. ಭೀಮನಲ್ಲಿ ತನ್ನ ದೊರೆಯನ್ನೇ ಕಂಡು ಕವಿ ಅದನ್ನು ಬರೆದ. ಹಾಗಿದ್ದೂ ಭೀಮನ ಶತ್ರುವಿಗೆ ಇಂಥ ಮಾತನ್ನು ಕೊಟ್ಟನಲ್ಲ! ನಾಲ್ಕು ಸಾಲಿನ ಒಂದು ಪದ್ಯದಿಂದ ಪಾತ್ರದ ಮಾತು, ಪದದ ಮಾತು, ಕವಿಯ ಮಾತು, ಮೂರೂ ಹೊರಟವು. ವಿಶ್ಲೇಷಣೆಯೆಂದು ಮೇಷ್ಟ್ರುಗಳು ಹೇಳುವುದು ಇದನ್ನೇ. ಅದಕ್ಕೆ ಪಾಂಡಿತ್ಯಕ್ಕಿಂತ ತಾಳ್ಮೆ ಹೆಚ್ಚು ಬೇಕು.

ಎರಡನೆಯ ಪ್ರಶ್ನೆ: ಯಾವಾಗ ಆಡಿದ್ದು? ೧೯೨೪ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಕನ್ನಡ ನಾಡು ಉದಯಿಸಬೇಕೆಂದು ಹಾರೈಸುವ ಹುಯಿಲಗೋಳ ನಾರಾಯಣರಾಯರ ಗೀತೆಯನ್ನು ಅಲ್ಲಿ ಹಾಡಿದರು. ಅಂದು ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದರು. ಇಲ್ಲಿಯವರಿಗೆ ಒಂದು ವಿಶೇಷ ಹೇಳಬೇಕು: ಆಗ ಬೆಳಗಾವಿ, ಧಾರವಾಡಗಳೂ ಅಹಮದಾಬಾದು, ಸೂರತ್ತುಗಳೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು! ನಾಡು ಒಂದಾದದ್ದು ೧೯೫೬ರಲ್ಲಿ. 'ಕರ್ನಾಟಕ' ಎಂಬ ಹೆಸರು ಬಂದದ್ದು ೧೯೭೩ರಲ್ಲಿ. ನಮ್ಮ ಒಬ್ಬ ಹುಡುಗ ಆ ಗೀತೆಯ ಸಾಲನ್ನು ಬರೆದು, 'ಆದ್ದರಿಂದ ಕರ್ನಾಟಕ ಇನ್ನೂ ಉದಯವಾಗಿಲ್ಲವೆಂದು ಕವಿ ದುಃಖಿಸುತ್ತಾನೆ' ಎಂದು ಮುಂದುವರಿಸಿದ್ದ. ೧೯೨೪ ಎಂಬ ಇಸವಿಯೊಂದು ಗೊತ್ತಿದ್ದರೆ, ಇಲ್ಲದ ನಾಡನ್ನು ಹಾಡಿನಲ್ಲಿ ಮೊದಲು ಕಂಡವರ ಧೈರ್ಯವನ್ನು ಅವನು ಬರೆಯಬಹುದಾಗಿತ್ತು.

'ಕವಿರಾಜಮಾರ್ಗ'ದ ಗತಿಯೂ ಇದೇ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಆ ಗ್ರಂಥವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆಂದು ಹೇಳುತ್ತದೆ. ರಾಷ್ಟ್ರಕೂಟರ ಕಾಲದ ಮಾತು ಅದು. ಇಂದಿನ ಕರ್ನಾಟಕದಲ್ಲಿ ಗೋದಾವರಿ ಹರಿಯುವುದೇ ಇಲ್ಲ. ಕಾಲವನ್ನು ಹೇಳದೆ ಆ ಮಾತನ್ನು ಬಳಸಿದರೆ ಕನ್ನಡದ ಮೇಷ್ಟ್ರು ಸುಮ್ಮನಿದ್ದರೂ ಭೂಗೋಳದ ಮೇಷ್ಟ್ರು ಅಂಕ ಕಳೆದಾರು. ಕಾಲವನ್ನು ಹೇಳಿ ಬಳಸಿದರೆ, ಸಾವಿರದ ಇನ್ನೂರು ವರ್ಷಗಳ ಹಿಂದೆ ಕನ್ನಡದ ಹರಹು ಎಷ್ಟೆಂದು ಕವಿ ಎಣಿಸಿದ್ದನೆಂಬುದಕ್ಕೆ ಅದೇ ಬಲವಾದ ಸಾಕ್ಷಿ.

ಇಷ್ಟೆಲ್ಲ ಕಟ್ಟುನಿಟ್ಟು ಏಕೆ, ಸಾಲು ಚೆನ್ನಾಗಿದ್ದರೆ ಸಾಲದೆ, ಎಂದು ಯಾರಾದರೂ ಕೇಳಬಹುದು. ಅದಕ್ಕೆ ನಮ್ಮ ಸಾಹಿತ್ಯದ ಚರಿತ್ರೆಯೇ ಉತ್ತರ ಕೊಡುತ್ತದೆ.

ಪಂಪನಿಗಿಂತ ಹಿಂದೆ, ಸುಮಾರು ೯೦೦ರ ಹೊತ್ತಿಗೆ, ಗುಣವರ್ಮನೆಂಬ ಕವಿಯಿದ್ದ. 'ಶೂದ್ರಕ', 'ಹರಿವಂಶ' ಎಂಬ ಎರಡು ಕಾವ್ಯಗಳನ್ನು ಬರೆದ. ಎರಡೂ ನಮಗೆ ಇಡಿಯಾಗಿ ಸಿಕ್ಕಿಲ್ಲ. ಓಲೆಗರಿಗಳನ್ನು ಗೆದ್ದಲು ತಿಂದಿತೋ, ನೀರು ಕೊಂಡೊಯ್ದಿತೋ! ಆದರೂ ಅವನ ಕೆಲವು ಪದ್ಯಗಳನ್ನು ನಾವು ಇಂದಿಗೂ ಓದಬಲ್ಲೆವು. ಹೇಗೆಂದರೆ, ಮುಂದೆ ಬಂದವರು ಅವುಗಳನ್ನು ತಮ್ಮ ಗ್ರಂಥಗಳಲ್ಲಿ ಎತ್ತಿಕೊಂಡಿದ್ದರು. ಹೀಗೆ ಎತ್ತಿಕೊಂಡು ಕಾಪಾಡಿದವರಲ್ಲಿ ಒಂದೇ ಮನೆಯ ತಂದೆ ಮಕ್ಕಳಿದ್ದಾರೆ. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳರ ಕಾಲದಲ್ಲಿ, ಮಲ್ಲಿಕಾರ್ಜುನನು ಹಿಂದಿನ ಕವಿಗಳ ಪದ್ಯಗಳನ್ನು ಕೂಡಿಸಿ 'ಸೂಕ್ತಿಸುಧಾರ್ಣವ'ವೆಂಬ ಸಂಕಲನ ಮಾಡಿದ. ಅವನ ಮಗ ಕೇಶಿರಾಜ ಸುಮಾರು ೧೨೬೦ರಲ್ಲಿ 'ಶಬ್ದಮಣಿದರ್ಪಣ'ವೆಂಬ ವ್ಯಾಕರಣವನ್ನು ಬರೆದು, ಸೂತ್ರಗಳಿಗೆ ಉದಾಹರಣೆಗಳನ್ನು ಹಳೆಯ ಕವಿಗಳಿಂದಲೇ ತೆಗೆದುಕೊಂಡ. ಜನ್ನ ಕವಿಗೆ ಈತ ಸೋದರಳಿಯ. ತಂದೆ ಕೂಡಿಟ್ಟ, ಮಗ ಬಳಸಿದ. ನಮ್ಮ ಭಾಷೆಗೆ ಒಂದು ಮನೆತನ ಮಾಡಿದ ಉಪಕಾರ ಇದು.

ಕೇಶಿರಾಜ ತನಗೆ ಮಾರ್ಗದರ್ಶಕರಾದ ಕವಿಗಳ ಹೆಸರುಗಳನ್ನು ಮೊದಲಲ್ಲೇ ಕೊಡುತ್ತಾನೆ. ಅವರಲ್ಲಿ ಗಜಗ, ಮನಸಿಜ, ಅಸಗ ಮೊದಲಾದವರ ಕನ್ನಡ ಕಾವ್ಯಗಳು ದೊರೆತಿಲ್ಲ. 'ಕವಿರಾಜಮಾರ್ಗ'ವೂ ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರೆಂಬ ಗದ್ಯಕಾರರ ಹೆಸರುಗಳನ್ನು ಹೇಳುತ್ತದೆ. ಹೆಸರುಗಳಿವೆ, ಅವರು ಬರೆದ ಗದ್ಯ ಕಾಣೆ. ಆ ಗದ್ಯದ ನಾಲ್ಕು ಸಾಲನ್ನು ಯಾವನಾದರೂ ಪುಣ್ಯಾತ್ಮ ಸರಿಯಾಗಿ ಎತ್ತಿ ಬರೆದಿಟ್ಟಿದ್ದರೆ! 'ಉದ್ಧರಣೆ' ಎಂಬ ಪದಕ್ಕೆ ಮೇಲಕ್ಕೆತ್ತುವುದೆಂದೂ ಕಾಪಾಡುವುದೆಂದೂ ಅರ್ಥಗಳಿವೆ. ಗುಣವರ್ಮನ ಮಟ್ಟಿಗೆ ಎರಡೂ ಒಂದೇ ಆಯಿತು.

ನಾವು ಅನ್ನ ತಿನ್ನುತ್ತಿರುವ ಈ ನೆಲದಲ್ಲಿಯೂ ಇಂಥದೇ ಕಥೆಯುಂಟು. ಪಾಟಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ, ಸಿದ್ಧರಾಜ ಜಯಸಿಂಹನ ಆಶ್ರಯದಲ್ಲಿ, ಹೇಮಚಂದ್ರಾಚಾರ್ಯರು ದೊಡ್ಡ ವ್ಯಾಕರಣವೊಂದನ್ನು ಬರೆದರು. ಅದರ ಎಂಟನೆಯ ಅಧ್ಯಾಯದ ಕೊನೆಯಲ್ಲಿ ಅಪಭ್ರಂಶ ಭಾಷೆಯ ನಿಯಮಗಳಿವೆ. ಅವಕ್ಕೆ ಉದಾಹರಣೆಯಾಗಿ ಜನರ ಬಾಯಲ್ಲಿದ್ದ ದೋಹೆಗಳನ್ನು ಅವರು ಎತ್ತಿಕೊಟ್ಟರು. ವೀರರ ಹೆಂಡಿರ ಮಾತು, ವಿರಹಿಗಳ ಮಾತು. ಬರೆದವರ ಹೆಸರುಗಳು ಹೋದರೂ ದೋಹೆಗಳು ಉಳಿದವು. ಗುಜರಾತಿ ಸಾಹಿತ್ಯದ ಚರಿತ್ರೆ ಬರೆಯುವವರು ಇಂದಿಗೂ ಅವುಗಳನ್ನು ನೆನೆಯುತ್ತಾರೆ. ಮಕ್ಕಳು ಶಾಲೆಯಲ್ಲಿ ಹೇಮಚಂದ್ರರ ಹೆಸರು ಕೇಳಿ ಬಂದರೆ, ಕೇಶಿರಾಜನ ಹೆಸರನ್ನು ನಾವು ಮನೆಯಲ್ಲಿ ಸೇರಿಸಿ ಹೇಳೋಣ.

ವಡೋದರಕ್ಕೂ ಈ ವಿಷಯಕ್ಕೂ ಇನ್ನಷ್ಟು ಹತ್ತಿರದ ನಂಟಿದೆ. ಸಯಾಜಿರಾವ್ ಮಹಾರಾಜರ ಆಳ್ವಿಕೆಯಲ್ಲಿ ಆರಂಭವಾದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ ಮೊದಲನೆಯ ಪುಸ್ತಕ, ೧೯೧೬ರಲ್ಲಿ ಹೊರಬಂದದ್ದು, ರಾಜಶೇಖರನ 'ಕಾವ್ಯಮೀಮಾಂಸೆ'. ಚಿಮನ್‌ಲಾಲ್ ದಲಾಲರೂ ಅನಂತಕೃಷ್ಣ ಶಾಸ್ತ್ರಿಗಳೂ ಅದರ ಸಂಪಾದಕರು. ಸುಮಾರು ಸಾವಿರದ ನೂರು ವರ್ಷಗಳ ಹಿಂದಿನ ಆ ಗ್ರಂಥದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ತೆಗೆದುಕೊಳ್ಳುವುದರ ಮೇಲೆ ಪ್ರತ್ಯೇಕ ಅಧ್ಯಾಯಗಳೇ ಇವೆ. ಅದಕ್ಕೆ ಅವನು ಇಟ್ಟ ಹೆಸರು 'ಹರಣ'. ಶಬ್ದವನ್ನು ಕದಿಯುವುದು ಐದು ಬಗೆ: ಒಂದು ಪದ, ಒಂದು ಪಾದ, ಅರ್ಧ ಪದ್ಯ, ಇಡೀ ಪದ್ಯ, ಇಡೀ ಗ್ರಂಥ. ಅರ್ಥವನ್ನು ಕದಿಯುವುದಕ್ಕೆ ಬೇರೆ ವಿಂಗಡಣೆ: ಕನ್ನಡಿಯ ಪ್ರತಿಬಿಂಬದಂತೆ ತೆಗೆದುಕೊಂಡದ್ದು ಒಂದು, ಚಿತ್ರದಂತೆ ತುಸು ಬದಲಿಸಿಕೊಂಡದ್ದು ಇನ್ನೊಂದು, ಹೀಗೆ. ಕವಿಗಳು ಹಿಂದಿನವರಿಂದ ತೆಗೆದುಕೊಳ್ಳದೆ ಇರಲಾರರೆಂಬುದನ್ನು ಅವನು ಬಲ್ಲ. ಎಷ್ಟು, ಹೇಗೆ ಎಂಬುದೇ ಅವನ ವಿಚಾರ.

ಪ್ರಬಂಧ ಬರೆಯುವ ನಮಗೆ ಕವಿಗಳಿಗಿಂತ ಸುಲಭದ ದಾರಿಯಿದೆ. ಕವಿಗೆ ಪದ್ಯದ ನಡುವೆ 'ಇದು ಇಂಥವನದು' ಎಂದು ಹೇಳಲಾಗದು; ನಮಗೆ ಆಗುತ್ತದೆ. ಎರಡು ಉದ್ಧರಣ ಚಿಹ್ನೆ ಮತ್ತು ಒಂದು ಹೆಸರು, ಇಷ್ಟೇ ಖರ್ಚು. ಅಷ್ಟು ಮಾಡಿದರೆ ಎರವಲು, ಮಾಡದಿದ್ದರೆ ಹರಣ.

ಇನ್ನು ಮಕ್ಕಳಿಗೂ, ಅವರಿಗೆ ಹೇಳಿಕೊಡುವ ಅಪ್ಪ ಅಮ್ಮಂದಿರಿಗೂ ಉಪಯೋಗವಾಗುವ ನಾಲ್ಕು ಮಾತು. ಎರಡು ಪುಟದ ಪ್ರಬಂಧಕ್ಕೆ ಒಂದೋ ಎರಡೋ ಉದ್ಧರಣೆ ಸಾಕು. ಮದುವೆಗೆ ಹೊರಟವಳು ನೆರೆಮನೆಗಳ ಒಡವೆಯನ್ನೆಲ್ಲ ಹೇರಿಕೊಂಡರೆ ಮುಖ ಕಾಣುವುದಿಲ್ಲ. ಎತ್ತಿಕೊಳ್ಳುವ ಮೊದಲು ಅದರ ಹಿಂದಿನ ಮುಂದಿನ ಸಾಲುಗಳನ್ನು ಓದಬೇಕು. 'ಆದರೆ' ಎಲ್ಲಿ ಅಡಗಿದೆಯೋ ತಿಳಿಯದು. ಉದ್ಧರಣೆಯ ಮುಂಚೆ, ಯಾರು ಯಾರಿಗೆ ಯಾವಾಗ ಹೇಳಿದರೆಂದು ಒಂದು ವಾಕ್ಯ ಇರಬೇಕು. ಆದ ಮೇಲೆ ಎರಡು ವಾಕ್ಯವಾದರೂ ನಿಮ್ಮದೇ ಆಗಿರಬೇಕು. 'ಇದರಿಂದ ಕವಿಯ ಹಿರಿಮೆ ತಿಳಿಯುತ್ತದೆ' ಎಂಬುದು ನಿಮ್ಮ ವಾಕ್ಯವಲ್ಲ, ಅದು ಎಲ್ಲರ ವಾಕ್ಯ. ಯಾವ ಪದ ನಿಮ್ಮನ್ನು ತಡೆದು ನಿಲ್ಲಿಸಿತು, ಏಕೆ, ಅದನ್ನು ಬರೆಯಿರಿ. ಕೊನೆಯದಾಗಿ, ನೆನಪಿನಿಂದ ಬರೆದುದನ್ನು ಒಮ್ಮೆ ಪುಸ್ತಕದೊಡನೆ ಹೋಲಿಸಿ. ವಡೋದರದ ಪ್ರಾಚ್ಯ ವಿದ್ಯಾಮಂದಿರದ ವಿದ್ವಾಂಸರು ವಾಲ್ಮೀಕಿ ರಾಮಾಯಣದ ಪರಿಷ್ಕೃತ ಆವೃತ್ತಿಯನ್ನು ೧೯೬೦ರಿಂದ ೧೯೭೫ರವರೆಗೆ ಏಳು ಕಾಂಡಗಳಲ್ಲಿ ಹೊರತಂದರು. ನಾಡಿನ ನಾನಾ ಕಡೆಯ ಹಸ್ತಪ್ರತಿಗಳನ್ನು ಹೋಲಿಸಿ, ಬಿಟ್ಟ ಪಾಠಗಳನ್ನೂ ಅಡಿಯಲ್ಲಿ ಅಚ್ಚುಹಾಕಿದರು. ಒಂದು ಪದಕ್ಕಾಗಿ ಅವರು ಅಷ್ಟು ಬೆವರಿದರೆ, ಒಂದು ಸಾಲಿಗಾಗಿ ನಾವು ಒಂದು ಪುಟ ತಿರುವಿ ಹಾಕಬಾರದೆ?

ಈಗ ಬಹುಮಾನದ ಸಂಗತಿ ಹೇಳಿ ಮುಗಿಸುತ್ತೇನೆ. ಹದಿನಾರರಲ್ಲಿ ಮೊದಲ ಸ್ಥಾನ ಕೊಟ್ಟದ್ದು ಏಳನೆಯ ತರಗತಿಯ ಒಬ್ಬ ಹುಡುಗಿಗೆ. ಅವಳ ಪ್ರಬಂಧದಲ್ಲಿ ದೊಡ್ಡ ಕವಿಯ ಹೆಸರು ಒಂದೂ ಇರಲಿಲ್ಲ. ಹಾಗಾಗಿ ಕೆಲವು ತಂದೆತಾಯಿಗಳು ನನ್ನನ್ನು ಕೇಳಿದ್ದೂ ಉಂಟು. ಅವಳು ಎತ್ತಿ ಬರೆದದ್ದು ತನ್ನ ಅಜ್ಜಿ ಹಾಡುವ ಬೀಸುಕಲ್ಲಿನ ಪದದ ಮೂರು ಸಾಲು. ಅಜ್ಜಿ ಬಾದಾಮಿಯ ಕಡೆಯವರು; ಅವರಿಗೆ ಅದು ಬಂದದ್ದು ಅವರ ತಾಯಿಯಿಂದ, ಬೆಳಗಿನ ಜಾವ ಜೋಳ ಬೀಸುವಾಗ. ಇಲ್ಲಿ ಬೀಸುಕಲ್ಲಿಲ್ಲ, ಶೇಂಗಾ ಬಿಡಿಸುವಾಗ ಹಾಡುತ್ತಾರೆ. ಇಷ್ಟನ್ನೂ ಹುಡುಗಿ ಬರೆದಿದ್ದಳು. ಹಾಡಿನಲ್ಲೊಂದು ಪದ ಅವಳಿಗೆ ತಿಳಿಯಲಿಲ್ಲ. ಅಜ್ಜಿಯನ್ನು ಕೇಳಿದಳಂತೆ. "ನನಗೂ ಗೊತ್ತಿಲ್ಲವ್ವಾ. ನಮ್ಮವ್ವ ಹಿಂಗ ಹಾಡ್ತಿದ್ಲು, ನಾನೂ ಹಂಗ ಹಾಡ್ತೀನಿ" ಎಂದರಂತೆ ಅಜ್ಜಿ. ಹುಡುಗಿ ಆ ಪದವನ್ನು ತನಗೆ ತಿಳಿದ ಬೇರೆ ಪದಕ್ಕೆ ಬದಲಿಸದೆ, ಕೇಳಿಸಿದಂತೆಯೇ ಬರೆದು, 'ಇದರ ಅರ್ಥ ನಮ್ಮಿಬ್ಬರಿಗೂ ಗೊತ್ತಿಲ್ಲ, ಆದರೆ ಈ ಪದ ಬಂದಾಗ ಅಜ್ಜಿಯ ದನಿ ಸಣ್ಣಗಾಗುತ್ತದೆ' ಎಂದು ಸೇರಿಸಿದ್ದಳು.

ಯಾರದು, ಎಲ್ಲಿಯದು, ಯಾವಾಗಿನದು, ಯಾವ ಪದದಲ್ಲಿ ಜೀವವಿದೆ, ಎಲ್ಲವೂ ಅಲ್ಲಿತ್ತು. ಇದಕ್ಕಿಂತ ಹೆಚ್ಚಿನದನ್ನು ನಾನು ಬಿ.ಎ. ಪರೀಕ್ಷೆಯಲ್ಲಿ ಬರೆದಿರಲಿಲ್ಲ. ಹಲಸಂಗಿಯ ಗೆಳೆಯರು ಹೀಗೆಯೇ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡದ್ದರಿಂದ ೧೯೩೧ರಲ್ಲಿ 'ಗರತಿಯ ಹಾಡು' ಪುಸ್ತಕವಾಯಿತು.

ನಮ್ಮ ಮಕ್ಕಳು ಕನ್ನಡ ಕಾವ್ಯಗಳನ್ನು ಇಡಿಯಾಗಿ ಓದುವರೋ ಇಲ್ಲವೋ ನಾನು ಹೇಳಲಾರೆ. ಅವರ ಪಾಲಿಗೆ ಕನ್ನಡ ಗುಣವರ್ಮನ ಕಾವ್ಯದಂತೆ ಅಲ್ಲೊಂದು ಇಲ್ಲೊಂದು ಸಾಲಾಗಿ ಉಳಿಯಬಹುದು. ಉಳಿಯುವ ಸಾಲು ಸರಿಯಾಗಿ ಉಳಿಯಲಿ. ಆ ಹುಡುಗಿಯ ಪ್ರಬಂಧವನ್ನು ಸಂಘದ ಬೀರುವಿನಲ್ಲಿ, ದಿನಾಂಕ ಹಾಕಿ, ಅಜ್ಜಿಯ ಊರನ್ನೂ ಬರೆದು ಇಟ್ಟಿದ್ದೇವೆ. ಆ ಪದದ ಅರ್ಥ ಬಲ್ಲವರು ಮುಂದೆ ಎಂದಾದರೂ ಬಂದಾರು.